ಹಸಿ ಸೌದೆ, ಮುಚ್ಚಿದ ಬಾಗಿಲು

ಎಲೆಚುಕ್ಕಿ ರೋಗದ ಬಗ್ಗೆ ಬರೀರಿ ಅಂತ ನಾಲ್ಕೈದು ಜನ ಕೇಳಿದ್ದೀರಿ. ಬರೀತೀನಿ, ಮುಂದಿನ ವಾರ. ಇವತ್ತು ಸೌದೆ ಬಗ್ಗೆ. ಯಾಕೆ ಈಗಲೇ ಅಂದ್ರೆ, ಶಿವರಾತ್ರಿ ಕಳೀತು, ಅಡಿಕೆ ಸುಲಿತ ಮುಗೀತು, ಕೈಯಲ್ಲಿ ಸ್ವಲ್ಪ ಬಿಡುವಿದೆ. ಬರೋ ಮಳೆಗಾಲದಲ್ಲಿ ಮನೆಯ ಬೆಂಕಿ ಹೆಂಗೆ ಉರಿಯತ್ತೆ ಅನ್ನೋದು ಈ ಹದಿನೈದು ದಿನದಲ್ಲಿ ತೀರ್ಮಾನ ಆಗತ್ತೆ. ಜೂನ್‌ನಲ್ಲಿ ನೆನಪಾದ್ರೆ ಪ್ರಯೋಜನ ಇಲ್ಲ.

ಮೊನ್ನೆ ಸೊಸೈಟಿ ಹತ್ರ ಚಾ ಕುಡಿತಾ ಒಬ್ರು ಸಿಕ್ಕಿದ್ರು. ಹೊಸ ಮನೆ ಕಟ್ಟಿಸಿದ್ದಾರೆ. ಆರ್‌ಸಿಸಿ, ಸ್ಲೈಡಿಂಗ್ ಕಿಟಕಿ, ಎಲ್ಲ ಚಂದ ಇದೆ. ಸೊಸೆಗೆ ಈಗ ಐದು ತಿಂಗಳು. ಅಂದ್ರೆ ಬಾಣಂತನ ಸರಿಯಾಗಿ ಪುನರ್ವಸು, ಪುಷ್ಯ ಮಳೆ ಹೊಡೆಯೋ ಹೊತ್ತಿಗೆ. "ಥಂಡಿಗೆ ಎಂತ ಮಾಡ್ತೀರಿ?" ಅಂತ ಕೇಳಿದೆ. "ಎಂತ ಮಾಡದು ಮಾರಾಯ್ರೆ, ಬಚ್ಚಲೊಲೆಯಿಂದ ಒಂದು ಬಾಣಲೆ ಕೆಂಡ ತಂದು ರೂಮಲ್ಲಿಟ್ಟು ಬಾಗಿಲು ಹಾಕಿದ್ರೆ ಆಯ್ತು. ನಮ್ಮಜ್ಜಿ ಇಡ್ತಿರ್ಲಿಲ್ವಾ?" ಅಂದ್ರು.

ಚಾ ಗಂಟಲಲ್ಲಿ ಇಳಿಲಿಲ್ಲ. ಯಾಕಂದ್ರೆ ಇದೇ ಮಾತು ನಾನೂ ಆಡಿದ್ದೆ. ಆಡಿದ್ದಷ್ಟೇ ಅಲ್ಲ, ಮಾಡಿದ್ದೆ.

2019ರ ಆಗಸ್ಟ್ ಮೊದಲ ವಾರದ ಮಳೆ ನಿಮಗೆ ಯಾರಿಗೂ ಮರೆತಿರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಮಗಳ ಬಾಣಂತನ. ಕೂಸಿಗೆ ಇಪ್ಪತ್ತಾರು ದಿನ. ಕರೆಂಟ್ ಹೋಗಿ ನಾಲ್ಕು ದಿನ ಆಗಿತ್ತು. ಕೂಸಿನ ಬಟ್ಟೆ ಒಣಗ್ತಾ ಇಲ್ಲ, ಹಾಸಿಗೆ ತಣ್ಣಗೆ, ಗೋಡೆಯಲ್ಲಿ ನೀರು ಬೆವರ್ತಾ ಇದೆ. ಮಗಳು ಥಂಡಿ ಥಂಡಿ ಅಂತಿದ್ದಳು. ನಾನು ದೊಡ್ಡ ಬುದ್ಧಿವಂತ, ಹಳೇ ಅಗ್ಗಿಷ್ಟಿಕೆ ಹುಡುಕಿ ತೆಗೆದು, ಬಚ್ಚಲೊಲೆಯ ಕೆಂಡ ತುಂಬಿ ಬಾಣಂತಿ ಕೋಣೆಯಲ್ಲಿಟ್ಟೆ. ಗಾಳಿ ಬರತ್ತೆ ಅಂತ ಕಿಟಕಿ ಎಳೆದೆ. ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ತುರುಕಿದ್ದೂ ನಾನೇ.

ರಾತ್ರಿ ಎರಡು ಗಂಟೆಗೆ ಕೊಟ್ಟಿಗೆಯಲ್ಲಿ ಕರು ಹಾಕೋ ಹಸು ಕೂಗ್ತು. ಎದ್ದೆ. ಹೆಂಡತಿಯನ್ನ ಕರೆಯೋಣ ಅಂತ ಕೋಣೆ ಬಾಗಿಲು ತಟ್ಟಿದ್ರೆ ಉತ್ತರ ಇಲ್ಲ. ದೂಡಿ ಒಳಗೆ ಹೋದೆ. ಹೊಗೆ ಇಲ್ಲ, ವಾಸನೆ ಇಲ್ಲ, ಬೆಚ್ಚಗೆ ಹಿತವಾಗಿದೆ. ಆದ್ರೆ ಹೆಂಡತಿ ಕಣ್ಣು ಬಿಟ್ಟು ಏನೋ ತೊದಲ್ತಾಳೆ, ಏಳೋಕೆ ಆಗ್ತಾ ಇಲ್ಲ. ಮಗಳು ಎದ್ದು ನಿಂತವಳು ಅಲ್ಲೇ ಕುಸಿದಳು. ಕೂಸನ್ನ ಎತ್ತಿಕೊಂಡು ಜಗಲಿಗೆ ಓಡಿದೆ. ಆಮೇಲೆ ಇಬ್ಬರನ್ನೂ ಎಳೆದು ತಂದೆ. ಮಳೆ ಇರಚಲು ಮುಖಕ್ಕೆ ಬಿದ್ದ ಮೇಲೆ ಕೂಸು ಅತ್ತಿತು. ಆ ಅಳುವಿನಷ್ಟು ಒಳ್ಳೇ ಸದ್ದು ನನ್ನ ಜೀವಮಾನದಲ್ಲಿ ಕೇಳಿಲ್ಲ.

ಬೆಳಿಗ್ಗೆ ರಸ್ತೆಗೆ ಬಿದ್ದ ಮರ ಕಡಿದುಕೊಂಡು ಆಸ್ಪತ್ರೆ ಮುಟ್ಟಿದ್ವಿ. ಆಕ್ಸಿಜನ್ ಕೊಟ್ರು, ದೇವರು ದೊಡ್ಡವನು, ಮೂವರೂ ಸರಿಯಾದ್ರು. ಡಾಕ್ಟ್ರು ಬೈಲಿಲ್ಲ, ಕೂರಿಸಿ ಹೇಳಿದ್ರು. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಅನ್ನೋ ಅನಿಲ ಬರತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರೋ ಜಾಗದಲ್ಲಿ ಇದು ಹೋಗಿ ಕೂರತ್ತೆ, ಸುಲಭಕ್ಕೆ ಏಳೋದಿಲ್ಲ. ಮೊದಲು ತಲೆನೋವು, ಆಮೇಲೆ ವಾಂತಿ ಬಂದ ಹಾಗೆ, ಮಂಪರು. ನಿದ್ದೆಯಲ್ಲಿದ್ದವರಿಗೆ ಇದ್ಯಾವುದೂ ಗೊತ್ತೇ ಆಗಲ್ಲ. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲ ಕೋಣೆಯೊಳಗೆ ಅಂಗೀಠಿ ಇಟ್ಟು ಮಲಗಿದವರು ಏಳಲಿಲ್ಲ ಅಂತ ಪೇಪರ್‌ನಲ್ಲಿ ಬರತ್ತಲ್ಲ, ಅದು ಇದೇ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿ ಸಾಯೋದೂ ಇದೇ ಅನಿಲದಿಂದ.

ನಾನು ಕೇಳಿದೆ: "ಡಾಕ್ಟ್ರೆ, ನಮ್ಮಜ್ಜಿ ಎಂಟು ಬಾಣಂತನ ಕೆಂಡ ಇಟ್ಟೇ ಮಾಡಿದ್ರಲ್ಲ?" ಅವರು ವಾಪಸ್ ಕೇಳಿದ್ರು: "ಆ ಮನೆ ಹೆಂಗಿತ್ತು?"

ನನ್ನ ಮಟ್ಟಿಗೆ ಇಡೀ ವಿಷಯ ಆ ಒಂದು ಪ್ರಶ್ನೆಯಲ್ಲಿದೆ. ಆ ಮನೆ ನಾಡಹೆಂಚಿನದ್ದು. ಹೆಂಚಿನ ಸಂದಿಯಲ್ಲಿ ಬೆಳಕು ಕಾಣ್ತಿತ್ತು. ಮಾಡಿನ ಕೆಳಗೆ ಗೋಡೆ ಮುಗಿಯೋ ಕಡೆ ಸುತ್ತ ಒಂದು ಗೇಣು ತೆರವು. ಬಾಗಿಲ ಹಲಗೆ ಮಧ್ಯ ಬೆರಳು ತೂರ್ತಿತ್ತು. ಮನೆಯೇ ಉಸಿರಾಡ್ತಿತ್ತು ಮಾರಾಯ್ರೆ. ಅಜ್ಜಿ ಕೆಂಡ ಇಟ್ಟಿದ್ದು ತಪ್ಪಲ್ಲ. 2015ರಲ್ಲಿ ನಾನು ಸ್ಲ್ಯಾಬ್ ಹಾಕಿಸಿ, ಗಾಜು ಹಾಕಿಸಿ, ಮನೆಯ ಮೂಗು ಮುಚ್ಚಿದೆ. ಮುಚ್ಚಿದ ಮೇಲೆ ಅಜ್ಜಿಯ ಕ್ರಮವನ್ನ ಹಂಗೇ ಮುಂದುವರಿಸಿದೆ. ಮನೆ ಬದಲಾದ್ರೆ ಬೆಂಕಿಯ ಕ್ರಮವೂ ಬದಲಾಗಬೇಕು ಅಂತ ನನಗೆ ಯಾರೂ ಹೇಳಿರ್ಲಿಲ್ಲ. ಅದಕ್ಕೇ ನಾನು ಈಗ ಹೇಳ್ತಿರೋದು.

ಹಂಗಂತ ಸೌದೆ ಬೆಂಕಿಯೇ ಬೇಡ ಅನ್ನೋರ ಪಕ್ಷ ನಾನಲ್ಲ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳೋ ಆಗುಂಬೆ ಪಕ್ಕದವರು ನಾವು. ನಮ್ಮದು ಕಾಶ್ಮೀರದ ಚಳಿ ಅಲ್ಲ ನಿಜ, ಆದ್ರೆ ಎರಡು ತಿಂಗಳು ಬಿಡದ ತೇವ. ಕಂಬಳಿ, ಪುಸ್ತಕ, ಚಪ್ಪಲಿ, ಎಲ್ಲದಕ್ಕೂ ಬೂಷ್ಟು. ವಯಸ್ಸಾದವರ ಕೀಲು, ಕೂಸಿನ ಎದೆ ಎರಡಕ್ಕೂ ಆ ತೇವ ಕೆಟ್ಟದ್ದು. ಕರೆಂಟ್ ಹೀಟರ್ ತಗೊಳ್ಳಿ ಅಂತಾರೆ. ಹೀಟರ್ ಬೇಕಾದ ದಿನವೇ ಕರೆಂಟ್ ಇರಲ್ಲ. ಸೌದೆ ನಮ್ಮ ತೋಟದಲ್ಲೇ ಇದೆ. ಬೇಕಾಗಿರೋದು ಅದನ್ನ ಸರಿಯಾಗಿ ಉರಿಸೋ ವಿದ್ಯೆ. ಹುಟ್ಟಿದಾಗಿಂದ ಬೆಂಕಿ ಪಕ್ಕ ಇದ್ದೀವಿ, ನಮಗೆ ಗೊತ್ತಿಲ್ವಾ ಅಂತ ಅಂದ್ಕೊಂಡಿರ್ತೀವಿ. ಗೊತ್ತಿರಲಿಲ್ಲ. ಐವತ್ತು ವರ್ಷದ ಮೇಲೆ ನಾನು ಹೊಸದಾಗಿ ಕಲಿಬೇಕಾಯ್ತು.

ಕಲಿಸಿದ್ದು ನಮ್ಮ ಪಕ್ಕದೂರಿನ ಒಬ್ಬ ಹುಡುಗ, ಸೈನ್ಯದಿಂದ ನಿವೃತ್ತಿಯಾಗಿ ಬಂದವನು. ಕಾಶ್ಮೀರದಲ್ಲಿದ್ದಾಗ ಅವರ ಬ್ಯಾರಕ್‌ನಲ್ಲಿ ಬುಖಾರಿ ಇರ್ತಿತ್ತಂತೆ. ಕಬ್ಬಿಣದ ಮುಚ್ಚಿದ ಒಲೆ, ಮೇಲಿಂದ ಕೊಳವೆ ಹೊರಗೆ ಹೋಗಿರತ್ತೆ. ಬೆಂಕಿಯ ಶಾಖ ಕಬ್ಬಿಣದ ಮೂಲಕ ಕೋಣೆಗೆ, ಹೊಗೆ ಮತ್ತು ವಿಷಗಾಳಿ ಕೊಳವೆ ಮೂಲಕ ಆಕಾಶಕ್ಕೆ. ಅವನು ಚಿತ್ರ ಬರೆದುಕೊಟ್ಟ. ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ 4 ಎಂ.ಎಂ. ತಗಡಲ್ಲಿ ಮಾಡಿಸಿದೆ. ಐದಿಂಚಿನ ಕೊಳವೆ ಸೇರಿ 11,500 ರೂಪಾಯಿ ಆಯ್ತು. ಬಾಣಂತಿ ಕೋಣೆಯಲ್ಲಿ ಇಡಲಿಲ್ಲ, ನಡುಮನೆಯಲ್ಲಿಟ್ಟೆ. ಬಾಗಿಲು ತೆಗೆದಿಟ್ರೆ ಎಲ್ಲ ಕೋಣೆಗೂ ಬಿಸಿ ಹೋಗತ್ತೆ.

ಇಟ್ಟ ಕೂಡಲೇ ಬೆಚ್ಚಗಾಯ್ತು ಅಂದ್ಕೋಬೇಡಿ. ಮೊದಲ ವರ್ಷ ಮಾಡಿದ ತಪ್ಪುಗಳನ್ನ ಬರೀತೀನಿ, ನೀವು ಮಾಡಬೇಡಿ.

ಮೊದಲ ದಿನ ಕೊಳ್ಳಿ ಹಚ್ಚಿದೆ, ಹೊಗೆ ಎಲ್ಲ ಮನೆಯೊಳಗೆ. ಕೊಳವೆ ತಣ್ಣಗಿದ್ರೆ ಅದರೊಳಗಿನ ಗಾಳಿ ಭಾರವಾಗಿ ಕೆಳಗೆ ಕೂತಿರತ್ತೆ, ಹೊಗೆಗೆ ದಾರಿ ಬಿಡಲ್ಲ. ಮೊದಲು ಒಂದು ಒಣ ಸೋಗೆ ಎಲೆಯೋ, ಪೇಪರೋ ಕೊಳವೆ ಬಾಯಿ ಹತ್ರ ಉರಿಸಿ ಕೊಳವೆಯನ್ನ ಬಿಸಿ ಮಾಡಬೇಕು. ಬಿಸಿ ಗಾಳಿ ಮೇಲೆ ಹೋಗೋಕೆ ಶುರುವಾದ್ರೆ ಅದೇ ಹೊಗೆಯನ್ನ ಎಳಕೊಂಡು ಹೋಗತ್ತೆ.

ಎರಡನೇದು, ಕೊಳವೆ ಗಿಡ್ಡ ಮಾಡಿಸಿದ್ದೆ. ಮಾಡಿನ ಅಂಚಿಗಿಂತ ಕೆಳಗೆ ಇತ್ತು. ಪಡುವಣ ಗಾಳಿ ಬೀಸಿದಾಗ ಹೊಗೆ ವಾಪಸ್ ಒಳಗೆ. ಮಾಡು ದಾಟಿ ಮೇಲೆ ಮೂರಡಿಯಾದ್ರೂ ಎತ್ತರಿಸಿ, ಮೇಲೊಂದು ಟೊಪ್ಪಿ ಹಾಕಿಸಿ. ಎಷ್ಟು ನೇರ ಇರತ್ತೋ ಅಷ್ಟು ಚೆನ್ನಾಗಿ ಎಳೆಯತ್ತೆ. ಮರದ ರೀಪು, ಪಕಾಸಿ, ಸೋಗೆ ಹತ್ರ ಕೊಳವೆ ತಾಗಬಾರದು. ಒಂದೂವರೆ ಅಡಿ ದೂರ ಇರಲಿ.

ಮೂರನೇದು ನಗೆಪಾಟಲು. ಕೊಳವೆ ತುಂಡುಗಳನ್ನ ಜೋಡಿಸುವಾಗ ಮೇಲಿನ ತುಂಡು ಕೆಳಗಿನ ತುಂಡಿನ ಒಳಗೆ ಕೂರಬೇಕು. ನಾನು ಉಲ್ಟಾ ಜೋಡಿಸಿದ್ದೆ. ಹೊಗೆ ತಣಿದು ಆಗೋ ಕಪ್ಪು ಡಾಂಬರು ಜಾಯಿಂಟಲ್ಲಿ ಹೊರಗೆ ಸೋರಿ ಹೊಸ ಟೈಲ್ಸ್ ಮೇಲೆ ಬಿತ್ತು. ಹೆಂಡತಿ ಮೂರು ದಿನ ಮಾತಾಡಲಿಲ್ಲ.

ನಾಲ್ಕನೇದು, ರಾತ್ರಿಯಿಡೀ ಉರಿಯಲಿ ಅಂತ ದೊಡ್ಡ ಕೊರಡು ಹಾಕಿ ಗಾಳಿ ತೂತು ಮುಚ್ಚಿದೆ. ಇದು ಎಲ್ಲಕ್ಕಿಂತ ದೊಡ್ಡ ತಪ್ಪು. ಗಾಳಿ ಸಾಲದ ಬೆಂಕಿ ಹೊಗೆಯಾಡತ್ತೆ, ಕೊಳವೆಯೊಳಗೆ ಇಲ್ಲಣ ಕಟ್ಟತ್ತೆ. ಆ ಇಲ್ಲಣಕ್ಕೆ ಒಂದು ದಿನ ಬೆಂಕಿ ಹಿಡಿದ್ರೆ ಕೊಳವೆಯೇ ಕೊಳ್ಳಿಯಾಗತ್ತೆ. ವಿಷಗಾಳಿಯೂ ಹೆಚ್ಚು. ಸಣ್ಣ ಬೆಂಕಿ, ಜೋರು ಬೆಂಕಿ, ಎರಡು ಗಂಟೆ. ಮನೆ ಬೆಚ್ಚಗಾಗತ್ತೆ. ಮಲಗೋ ಮುಂಚೆ ಪೂರ್ತಿ ಆರಿಸಬೇಕು. ಸೈನ್ಯದಲ್ಲೂ ಹಂಗೇ ಮಾಡ್ತಿದ್ದರು ಅಂತ ಆ ಹುಡುಗ ಹೇಳಿದ. ಒಲೆ ಉರಿಯುವಾಗ ಕೋಣೆಯ ಒಂದು ಕಿಟಕಿ ಅಂಗೈ ಅಗಲ ತೆಗೆದಿರಬೇಕು, ಬೆಂಕಿಗೂ ಉಸಿರು ಬೇಕಲ್ಲ. ಕಾರ್ಬನ್ ಮಾನಾಕ್ಸೈಡ್ ಬಂದ್ರೆ ಕೂಗೋ ಅಲಾರಂ ಆನ್‌ಲೈನಲ್ಲಿ ಸಿಗತ್ತೆ. ತರಿಸಿ ಗೋಡೆಗೆ ಹಾಕಿದ್ದೀನಿ. ನೀವೂ ಹಾಕಿ. ನಮ್ಮ ಮನೆಗೆ ಅವತ್ತು ಅಲಾರಂ ಆಗಿದ್ದು ಒಂದು ಹಸು. ಪ್ರತಿ ರಾತ್ರಿ ಹಸು ಕೂಗಲ್ಲ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಬೆಂಕಿ ಸರಿಯಾಗಿ ಉರಿಲಿಲ್ಲ. ಆಗ ಗೊತ್ತಾಗಿದ್ದು, ದೋಷ ಒಲೆಯದ್ದಲ್ಲ, ಸೌದೆಯದ್ದು.

ಹಸಿ ಮರದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ನೀರು. ಹತ್ತು ಕೆ.ಜಿ. ಹಸಿ ಸೌದೆ ಒಲೆಗೆ ಇಟ್ರೆ ನಾಲ್ಕೈದು ಲೀಟರ್ ನೀರನ್ನೂ ಇಟ್ಟ ಹಾಗೆ. ಆ ನೀರು ಪೂರ್ತಿ ಆವಿಯಾಗಿ ಹೋಗೋವರೆಗೆ ಮರಕ್ಕೆ ಸರಿಯಾಗಿ ಬೆಂಕಿ ಹಿಡಿಯಲ್ಲ. ಒಂದು ಲೀಟರ್ ತಣ್ಣೀರನ್ನ ಕುದಿ ಬರಿಸೋಕೆ ಬೇಕಾದ ಶಾಖಕ್ಕಿಂತ, ಕುದಿಯೋ ನೀರನ್ನ ಪೂರ್ತಿ ಇಂಗಿಸೋಕೆ ಸುಮಾರು ಏಳು ಪಟ್ಟು ಶಾಖ ಬೇಕು. ನಮ್ಮ ಮನೆಗೆ ಬರಬೇಕಾದ ಬಿಸಿ ಎಲ್ಲ ಸೌದೆಯ ನೀರು ಕುದಿಸೋಕೇ ಹೋಗತ್ತೆ. ಹೊಗೆ ಅಂದ್ರೆ ಬೇರೆ ಎಂತ ಅಲ್ಲ, ಉರಿಯದೆ ಹೋದ ಸೌದೆ. ಕಣ್ಣಿಗೆ ಹೊಗೆ ಬಂತು ಅಂದ್ರೆ ನೀವು ಹೊತ್ತು ತಂದ ಸೌದೆ ಸುಮ್ಮನೆ ಆಕಾಶಕ್ಕೆ ಹೋಗ್ತಾ ಇದೆ ಅಂತ ಅರ್ಥ.

ಒಣಗಿದೆಯಾ ಇಲ್ವಾ ಅಂತ ನೋಡೋಕೆ ಮಿಷನ್ ಬೇಡ. ಅಡಿಕೆ ತೂಗೋ ತಕ್ಕಡಿ ಸಾಕು. ಹೋದ ವರ್ಷ ಶಿವರಾತ್ರಿ ಮರುದಿನ ಸೀಳಿದ ಒಂದು ಅಕೇಶಿಯಾ ತುಂಡಿಗೆ ಇದ್ದಲಲ್ಲಿ ಗುರುತು ಹಾಕಿ ತೂಗಿದೆ. 4 ಕೆ.ಜಿ. 200 ಗ್ರಾಂ. ಯುಗಾದಿಗೆ 3 ಕೆ.ಜಿ. 300. ಮೇ ಕೊನೆಗೆ 2 ಕೆ.ಜಿ. 700. ಒಂದೂವರೆ ಕೆ.ಜಿ. ನೀರು ಬಿಸಿಲು ಪುಕ್ಕಟೆಯಾಗಿ ತೆಗೆದುಕೊಂಡು ಹೋಗಿತ್ತು. ತೂಕ ಇಳಿಯೋದು ನಿಂತ್ರೆ ಒಣಗಿದೆ ಅಂತ ಲೆಕ್ಕ. ಇನ್ನೊಂದು ಪರೀಕ್ಷೆ, ಎರಡು ತುಂಡು ಬಡಿದು ನೋಡಿ. ಒಣಗಿದ್ರೆ ಟಣ್ ಅನ್ನತ್ತೆ, ಹಸಿ ಇದ್ರೆ ದಪ್ ಅನ್ನತ್ತೆ. ಕೊನೆಯಲ್ಲಿ ಬಿಸಿಲು ಸೀಳು ಬಿಟ್ಟಿರತ್ತೆ, ತೊಗಟೆ ಸಡಿಲ ಆಗಿರತ್ತೆ.

ಸೀಳಲೇಬೇಕು. ಉಂಡೆ ಕೊರಡು ಎರಡು ವರ್ಷ ಇಟ್ರೂ ಒಳಗೆ ಹಸಿ. ತೊಗಟೆ ಮರದ ರೈನ್‌ಕೋಟು, ನೀರು ಹೊರಗೆ ಬಿಡಲ್ಲ. ಮುಂಗೈ ದಪ್ಪ ಸೀಳಿ, ನೆಲಕ್ಕೆ ತಾಗದ ಹಾಗೆ ಅಡಿಕೆ ದಬ್ಬೆ ಹಾಸಿ, ಅದರ ಮೇಲೆ ಗಾಳಿ ಆಡೋ ಹಾಗೆ ಪೇರಿಸಿ. ಮೇಲೆ ಮಾತ್ರ ತಗಡು ಮುಚ್ಚಿ. ಸುತ್ತ ಟಾರ್ಪಾಲ್ ಕಟ್ಟಿ ಬಿಗಿದ್ರೆ ಒಳಗೆ ಬೆವರಿ ಅಣಬೆ ಏಳತ್ತೆ. ತೋಟದ ನೆರಳು ಮರ ಸವರೋದು ಏಪ್ರಿಲ್, ಮೇ ತಿಂಗಳಲ್ಲಿ. ಆ ಸೌದೆ ಈ ಮಳೆಗಾಲಕ್ಕಲ್ಲ, ಮುಂದಿನ ಮಳೆಗಾಲಕ್ಕೆ. ಅದನ್ನ ಬೇರೆ ರಾಶಿ ಹಾಕಿ.

ಅಕೇಶಿಯಾ, ಕಾಫಿ ಬೊಡ್ಡೆ ಹೊತ್ತು ನಿಂತು ಉರಿಯತ್ತೆ. ಸಿಲ್ವರ್ ಓಕ್, ಅಡಿಕೆ ದಬ್ಬೆ ಬೇಗ ಹತ್ತಿ ಬೇಗ ಮುಗಿಯತ್ತೆ, ಹೊತ್ತಿಸೋಕೆ ಒಳ್ಳೇದು. ಕರಟ ಬಹಳ ಬಿಸಿ, ಒಂದೆರಡು ಸಾಕು. ಚೇರಿನ ಮರ ಒಲೆಗೆ ತರಬೇಡಿ ಅಂತ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ, ಅದರ ಸೊನೆ ತಾಗಿದ್ರೇ ಮೈ ಬೊಕ್ಕೆ ಏಳತ್ತೆ. ಪ್ಲಾಸ್ಟಿಕ್, ಪೇಂಟ್ ಹಚ್ಚಿದ ಹಲಗೆ ಯಾವುದನ್ನೂ ಹಾಕಬೇಡಿ. ಬೂದಿ ತೆಗೆಯುವಾಗ ಮುಚ್ಚಳದ ತಗಡು ಡಬ್ಬಕ್ಕೆ ಹಾಕಿ. ಬೂದಿಯೊಳಗಿನ ಕೆಂಡ ಮಾರನೇ ದಿನವೂ ಜೀವ ಇಟ್ಟಿರತ್ತೆ. ಪೂರ್ತಿ ತಣಿದ ಮೇಲೆ ತೋಟಕ್ಕೆ.

ಹೋದ ಮಳೆಗಾಲ ನಮಗೆ ಸೌದೆ ಖರ್ಚಾಗಿದ್ದು ಮುಂಚಿನ ಅರ್ಧದಷ್ಟು. ಬುಖಾರಿ, ಬಚ್ಚಲೊಲೆ ಎರಡೂ ಸೇರಿ. ಮರ ಹೆಚ್ಚು ಕಡಿಲಿಲ್ಲ, ಸೊಪ್ಪಿನಬೆಟ್ಟಕ್ಕೆ ಕತ್ತಿ ಹಿಡಿದು ಹೋಗಲೇ ಇಲ್ಲ. ಹೊತ್ತಿಗೆ ಸರಿಯಾಗಿ ಒಣಗಿಸಿದ್ದು ಅಷ್ಟೇ.

ಈಗ ಒಂದು ಮಾತು ಹೇಳ್ತೀನಿ, ಗಂಡಸರಿಗೆ ಬೇಜಾರಾದ್ರೆ ಆಗಲಿ.

1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ನಮ್ಮ ಹಳ್ಳಿಗಳಿಗೆ ಬಂದಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮೂರು ಪಾತ್ರೆ ಕೂರೋ ಮಣ್ಣಿನ ಒಲೆ, ಹಿಂದೆ ಹೊಗೆಕೊಳವೆ. ನಮ್ಮ ಮನೆಯಲ್ಲೂ ಹಾಕಿಸಿದ್ದರು. ಅಮ್ಮನಿಗೆ ಅದು ಬಂದ ದಿನ ಹಬ್ಬ. ನಾನು ಹೈಸ್ಕೂಲು. ವಾರಕ್ಕೊಂದು ಸಲ ಕೊಳವೆಯ ಇಲ್ಲಣ ತೆಗೆಯೋ ಕೆಲಸ ನನಗೆ ವಹಿಸಿದ್ರು. ನಾಲ್ಕು ವಾರ ಮಾಡಿದೆ, ಐದನೇ ವಾರ ಮರೆತೆ, ಆಮೇಲೆ ಬಿಟ್ಟೇಬಿಟ್ಟೆ. ಅಪ್ಪ ತಂದು ಹಾಕ್ತಿದ್ದದ್ದು ಹಸಿ ಕಟ್ಟಿಗೆ. ಒಂದೇ ಮಳೆಗಾಲಕ್ಕೆ ಕೊಳವೆ ಕಟ್ಟಿತು, ಹೊಗೆ ವಾಪಸ್ ಬಂತು. "ಈ ಒಲೆ ಸರಿ ಇಲ್ಲ" ಅಂತ ತೀರ್ಮಾನ ಮಾಡಿ ಒಡೆದು ಹಾಕಿದ್ವಿ. ಒಲೆ ಸರಿಯಾಗೇ ಇತ್ತು. ಅಮ್ಮ ಮತ್ತೆ ಮೂವತ್ತು ವರ್ಷ ಊದುಗೊಳವೆ ಊದಿದ್ರು. ಕೊನೆಗೆ ಎದೆ ಪರೀಕ್ಷೆ ಮಾಡಿದವರು "ಇವರು ಬೀಡಿ ಸೇದ್ತಿದ್ರಾ?" ಅಂತ ಕೇಳಿದ್ರು. ಅಮ್ಮ ಬೀಡಿ ಮುಟ್ಟಿದವರಲ್ಲ. ನಾವು ತಂದು ಹಾಕಿದ ಹಸಿ ಸೌದೆಯ ಹೊಗೆ ಕುಡಿದವರು.

ನಮ್ಮ ಕಡೆ ಸೌದೆ ತರೋದು ಗಂಡಸರು, ಉರಿಸೋದು ಹೆಂಗಸರು. ತಂದವನಿಗೆ ಉರಿಯ ಕಷ್ಟ ಗೊತ್ತಿಲ್ಲ. ಉರಿಸೋಳಿಗೆ ಯಾವ ಸೌದೆ ಯಾವಾಗ ಬರಬೇಕು ಅಂತ ಹೇಳೋ ಅಧಿಕಾರ ಇಲ್ಲ. ನನ್ನ ಅಭಿಪ್ರಾಯ ಇಷ್ಟೇ: ಸೌದೆ ಕಡಿಯೋನು ಮಳೆಗಾಲದಲ್ಲಿ ಒಂದು ವಾರ ಒಲೆ ಮುಂದೆ ಕೂರಲಿ. ಮುಂದಿನ ವರ್ಷ ತಾನಾಗೇ ಶಿವರಾತ್ರಿಗೆ ಕೊಡಲಿ ಹಿಡೀತಾನೆ.

ಬುಖಾರಿ ಎಲ್ಲರೂ ಮಾಡಿಸಿ ಅಂತ ನಾನು ಹೇಳ್ತಾ ಇಲ್ಲ. ದುಡ್ಡಿಲ್ಲದಿದ್ರೆ ಬಾಣಂತಿಯನ್ನ ಬಚ್ಚಲೊಲೆಯ ಗೋಡೆಗೆ ತಾಗಿದ ಕೋಣೆಯಲ್ಲಿ ಮಲಗಿಸಿ, ಗೋಡೆ ಬೆಚ್ಚಗಿರತ್ತೆ. ಬಿಸಿನೀರು ಬಾಟಲಿ ಬಟ್ಟೆ ಸುತ್ತಿ ಹಾಸಿಗೆಯಲ್ಲಿ ಇಟ್ಟು, ಹಾಸಿಗೆ ಬೆಚ್ಚಗಾದ ಮೇಲೆ ಬಾಟಲಿ ತೆಗೆದು ಮಲಗಿ. ಕೂಸಿನ ಬಟ್ಟೆ ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಒಣಗಿಸಿ. ಆದ್ರೆ ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಬೇಡಿ. ಒಂದು ಹಿಡಿ ಕೆಂಡವೂ ಬೇಡ, ಒಂದು ರಾತ್ರಿಯೂ ಬೇಡ.

ಸೊಸೈಟಿ ಹತ್ರ ಸಿಕ್ಕಿದವರಿಗೆ ಅವತ್ತು ಎಲ್ಲ ಹೇಳೋಕೆ ಆಗಲಿಲ್ಲ, ಬಸ್ಸು ಬಂತು, ಹೊರಟ್ರು. ನಿನ್ನೆ ಅವರ ಮನೆಗೇ ಹೋಗಿ ಬಂದೆ. ನನ್ನ ಜೊತೆ ಮೊಮ್ಮಗಳೂ ಬಂದಿದ್ದಳು, ಈಗ ಸ್ಕೂಲಿಗೆ ಹೋಗ್ತಾಳೆ. ಅವಳನ್ನ ತೋರಿಸಿ ಹೇಳಿದೆ. ಅವರ ಅಗ್ಗಿಷ್ಟಿಕೆಯನ್ನ ಅವರ ಹೆಂಡತಿಯೇ ಎತ್ತಿಕೊಂಡು ಹೋಗಿ ಕೊಟ್ಟಿಗೆಯ ಆಚೆ ಇಟ್ರು.

ನಾಳೆ ಒಂದು ಕೊರಡು ಸೀಳಿ, ತೂಗಿ, ಇದ್ದಲಲ್ಲಿ ಬರೆದಿಡಿ. ಯುಗಾದಿಗೆ ಮತ್ತೆ ತೂಗಿ ಎಷ್ಟು ಇಳಿದಿದೆ ಅಂತ ಇಲ್ಲಿ ತಿಳಿಸಿ.